ಗಿಟಾರ್ ಆಂಪಿನ ಸೌಂಡ್ ಎಲ್ಲಿ ಇಳಿಸಬೇಕು, ಎಲ್ಲಿ ಏರಿಸಬೇಕು?

ಗಿಟಾರಿನ ಸದ್ದು ಹಿಗ್ಗಿಸುವ ಆಂಪ್ ಕೊಳ್ಳೋಕೆ ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ವ್ಯಾಟ್?" ಅಂತ. ಮನೆಗಾದರೆ 15 ಸಾಕು, ಶೋಗಾದರೆ 50 ಇರಲಿ, 100 ಇದ್ದರೆ ಇನ್ನೂ ಒಳ್ಳೆಯದು ಅನ್ನುವ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಹೀಗೆ ತಂದ 15 ವ್ಯಾಟಿನ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್‌ಗಳಿರುವುದು) ಮನೆಯಲ್ಲಿ ವಾಲ್ಯೂಮ್ 2 ದಾಟುವಷ್ಟರಲ್ಲಿ ಕೆಳಗಿನ ಮನೆಯವರು ಬಂದು ಬೆಲ್ ಒತ್ತುತ್ತಾರೆ. ಅದೇ ಆಂಪನ್ನು ಪಬ್ಬಿನ ಸ್ಟೇಜಿಗೆ ಒಯ್ದರೆ, ಡ್ರಮ್ಮರ್ ಸ್ವಲ್ಪ ಜೋರಾಗಿ ಬಾರಿಸಿದರೂ ಸಾಕು, ಅವನ ಸಮಕ್ಕೆ ಏರಿಸಲು ಹೋಗಿ ಕ್ಲೀನ್ ಟೋನ್ ಒಡೆದು ಗರಗರ ಅನ್ನುತ್ತದೆ. ಮನೆಗೆ ಜಾಸ್ತಿ, ಸ್ಟೇಜಿಗೆ ಕಡಿಮೆ. ಎಡವಟ್ಟು ಇರುವುದು ವ್ಯಾಟ್ ಲೆಕ್ಕದಲ್ಲೇ.

ವ್ಯಾಟ್ ಎರಡು ಪಟ್ಟಾದರೆ ಸೌಂಡ್ ಎರಡು ಪಟ್ಟಾಗುವುದಿಲ್ಲ. 50 ವ್ಯಾಟಿಗೂ 100 ವ್ಯಾಟಿಗೂ ಇರುವ ಅಂತರ ಬರೀ 3 ಡೆಸಿಬೆಲ್. "ಸ್ವಲ್ಪ ಏರಿತು" ಅಂತ ಗೊತ್ತಾಗುತ್ತದೆ, ಅಷ್ಟೇ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 100 ವ್ಯಾಟಿನ ಆಂಪಿಗಿಂತ ಅರ್ಧ ಸೌಂಡಿನ ಆಂಪ್ ಬೇಕೆಂದರೆ 10 ವ್ಯಾಟಿನದು ಕೊಳ್ಳಬೇಕು.

ಇದಕ್ಕೆ ಸ್ಪೀಕರ್ ಲೆಕ್ಕವನ್ನೂ ಸೇರಿಸಿ ನೋಡಿ. ಗಿಟಾರ್ ಸ್ಪೀಕರ್‌ಗಳು ತುಂಬಾ ಸೂಕ್ಷ್ಮ. ಸೆಲೆಸ್ಟಿಯನ್ ಕಂಪನಿಯ ವಿಂಟೇಜ್ 30 ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 100 ಡೆಸಿಬೆಲ್ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. ಅದೇ ಕಂಪನಿಯ ಗ್ರೀನ್‌ಬ್ಯಾಕ್‌ಗೆ 98. ಒಂದೇ ಒಂದು ವ್ಯಾಟಿಗೆ! ನಾವು ಎದುರು ಬದುರು ಕೂತು ಮಾತಾಡುವುದು 60 ಡೆಸಿಬೆಲ್ ಆಸುಪಾಸಿನಲ್ಲಿ. ಆ ಮಟ್ಟದಲ್ಲಿ ಗಿಟಾರ್ ಕೇಳಲು ವಿಂಟೇಜ್ 30ಕ್ಕೆ ಬೇಕಾಗುವುದು ಒಂದು ವ್ಯಾಟಿನ ಹತ್ತು ಸಾವಿರದ ಒಂದು ಪಾಲು. "ಮನೆಗೆ ಅಂತಲೇ 1 ವ್ಯಾಟ್ ಟ್ಯೂಬ್ ಆಂಪ್ ತಗೊಂಡೆ" ಅನ್ನುವವರು ಅದನ್ನು ಪೂರ್ತಿ ತಿರುಗಿಸಿದಾಗ ಬೆಚ್ಚಿಬೀಳುವುದು ಇದಕ್ಕೇ. ಇನ್ನೊಂದು ಮಾತು: 3 ಡೆಸಿಬೆಲ್ ಕಡಿಮೆ ಸೂಕ್ಷ್ಮತೆಯ ಸ್ಪೀಕರ್ ಹಾಕಿದರೆ ಆಂಪಿನ ವ್ಯಾಟ್ ಅರ್ಧ ಮಾಡಿದಷ್ಟೇ ಪರಿಣಾಮ. ಸ್ಪೀಕರ್ ಬದಲಿಸುವವರು ಟೋನ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಈ ಅಂಕಿಯ ಕಡೆ ಕಣ್ಣು ಹಾಯಿಸುವವರು ಕಡಿಮೆ.

ಇನ್ನು ವಾಲ್ಯೂಮ್ ನಾಬ್. ಅದರ ಮೇಲೆ 1ರಿಂದ 10ರವರೆಗೆ ಬರೆದಿರುವುದರಿಂದ 5 ಅಂದರೆ ಅರ್ಧ ಅಂದುಕೊಳ್ಳುತ್ತೇವೆ. ಎಷ್ಟೋ ಟ್ಯೂಬ್ ಆಂಪ್‌ಗಳು 4 ಅಥವಾ 5ಕ್ಕೆ ಬರುವಷ್ಟರಲ್ಲಿ ತಮ್ಮ ಶಕ್ತಿಯ ಬಹುಪಾಲು ಕೊಟ್ಟಾಗಿರುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದರೆ ಸೌಂಡ್ ಅಷ್ಟೇನೂ ಏರುವುದಿಲ್ಲ, ಡಿಸ್ಟಾರ್ಷನ್, ಅಂದರೆ ಆ ಒಡೆದ ಗರಗರ ಸದ್ದು, ಏರುತ್ತದೆ. ಅಂದರೆ ಆ ನಾಬ್ ಎರಡು ಕೆಲಸ ಒಟ್ಟಿಗೆ ಮಾಡುತ್ತಿದೆ. ಎಷ್ಟು ಜೋರು ಅನ್ನುವುದೊಂದು, ಎಷ್ಟು ಒಡೆದ ಟೋನ್ ಅನ್ನುವುದು ಇನ್ನೊಂದು. ಈ ಎರಡನ್ನು ಬೇರೆ ಬೇರೆ ಜಾಗದಲ್ಲಿ ಹಿಡಿಯಲು ಕಲಿತರೆ ಮುಕ್ಕಾಲು ಸಮಸ್ಯೆ ಮುಗಿಯಿತು.

ಆಂಪಿನ ಒಳಗೆ ಏನಾಗುತ್ತದೆ ನೋಡೋಣ. ಗಿಟಾರಿನ ತಂತಿಯ ಕಂಪನ ಹಿಡಿಯುವ ಪಿಕಪ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದು ಮೊದಲು ಪ್ರೀಆಂಪಿಗೆ ಹೋಗುತ್ತದೆ. ಅಲ್ಲಿ 12ಎಎಕ್ಸ್7ನಂಥ ಸಣ್ಣ ಟ್ಯೂಬುಗಳು ಅದನ್ನು ದೊಡ್ಡದು ಮಾಡುತ್ತವೆ. ಬಾಸ್ (ತಗ್ಗು ಸ್ವರ), ಮಿಡ್ (ನಡುವಿನದು), ಟ್ರೆಬಲ್ (ಮೇಲಿನ ಸ್ವರ) ನಾಬ್‌ಗಳೂ ಸಾಮಾನ್ಯವಾಗಿ ಇಲ್ಲೇ ಇರುತ್ತವೆ. ಅಲ್ಲಿಂದ ಪವರ್ ಆಂಪಿಗೆ. ಇಎಲ್34, 6ಎಲ್6, ಇಎಲ್84 ಅಂತೆಲ್ಲ ಹೆಸರಿರುವ ದೊಡ್ಡ ಟ್ಯೂಬುಗಳ ಕೆಲಸ ಇಲ್ಲಿ. ಆಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಕೊನೆಗೆ ಸ್ಪೀಕರ್. ಈ ಸಾಲಿನಲ್ಲಿ ಎಲ್ಲಿ ಸಿಗ್ನಲ್ ತಡೆಯಲಾರದಷ್ಟು ದೊಡ್ಡದಾಗುತ್ತದೋ ಅಲ್ಲಿ ಡಿಸ್ಟಾರ್ಷನ್ ಹುಟ್ಟುತ್ತದೆ. ಪ್ರೀಆಂಪಿನಲ್ಲಿ ಹುಟ್ಟಿದರೆ ಅದು ಒಂದು ಥರ. ಪವರ್ ಟ್ಯೂಬಿನಲ್ಲಿ ಹುಟ್ಟಿದರೆ ಬೇರೆ ಥರ: ದಪ್ಪ, ಬೆರಳಿಗೆ ಸ್ಪಂದಿಸುವಂಥದ್ದು. ಜೋರಾಗಿ ಬಾರಿಸಿದಾಗ ಸ್ಪೀಕರಿನ ಕಾಗದದ ಕೋನ್ ಕೂಡ ತನ್ನ ಪಾಲು ಸೇರಿಸುತ್ತದೆ.

ಹಳೆಯ ಆಂಪ್‌ಗಳಲ್ಲಿ ಒಂದು ಚಾನೆಲ್‌ಗೆ ಒಂದೇ ವಾಲ್ಯೂಮ್ ನಾಬ್ ಇರುತ್ತಿತ್ತು. ಒಡೆದ ಟೋನ್ ಬೇಕಾದರೆ ಇಡೀ ಆಂಪನ್ನು ಜೋರಾಗಿಡುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆಗ ಅದು ಅಂಥ ತೊಂದರೆಯೂ ಆಗಿರಲಿಲ್ಲ ಅನ್ನಿ. 1960ರ ದಶಕದ ಪಿಎ ಸಿಸ್ಟಂಗಳು (ಸಭಿಕರಿಗೆ ಕೇಳಿಸುವ ಮೈಕ್, ಸ್ಪೀಕರ್ ವ್ಯವಸ್ಥೆ) ಹಾಡುವವರ ದನಿಗೇ ಸಾಲುತ್ತಿರಲಿಲ್ಲ. ಗಿಟಾರ್ ಸಭಿಕರಿಗೆ ಕೇಳಬೇಕೆಂದರೆ ಸ್ಟೇಜ್ ಮೇಲಿನ ಆಂಪೇ ಗತಿ. 1965ರ ಆಗಸ್ಟ್‌ನಲ್ಲಿ ಬೀಟಲ್ಸ್ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಸುಮಾರು 55,000 ಜನರ ಮುಂದೆ ನುಡಿಸಿದಾಗ ಅವರ ಹಿಂದಿದ್ದದ್ದು ವಾಕ್ಸ್ ಕಂಪನಿಯ 100 ವ್ಯಾಟಿನ ಆಂಪ್‌ಗಳು. ಆ ಕಿರುಚಾಟದಲ್ಲಿ ತಾವು ನುಡಿಸಿದ್ದು ಅವರಿಗೇ ಸರಿಯಾಗಿ ಕೇಳಲಿಲ್ಲ. ಅದೇ ಹೊತ್ತಿಗೆ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟುಕೊಂಡು ಆಂಪ್ ಮಾಡಲು ಇಳಿದಿದ್ದ ಜಿಮ್ ಮಾರ್ಷಲ್ ಬಳಿ ದ ಹೂ ಬ್ಯಾಂಡಿನ ಪೀಟ್ ಟೌನ್‌ಶೆಂಡ್ "ಇನ್ನೂ ಜೋರು ಬೇಕು" ಅಂತ ಹಟ ಹಿಡಿದಿದ್ದರು. 100 ವ್ಯಾಟಿನ ಹೆಡ್ಡು (ಸ್ಪೀಕರ್ ಇಲ್ಲದ ಬರೀ ಆಂಪ್), ಅದರ ಕೆಳಗೆ ಒಂದರ ಮೇಲೊಂದು ಎರಡು ಕ್ಯಾಬಿನೆಟ್ಟು, ಒಟ್ಟು ಎಂಟು 12 ಇಂಚಿನ ಸ್ಪೀಕರು. ಇವತ್ತಿಗೂ ರಾಕ್ ಸ್ಟೇಜ್ ಅಂದರೆ ಕಣ್ಣ ಮುಂದೆ ಬರುವ ಚಿತ್ರ ಅದೇ.

ಆ ಕಾಲಕ್ಕೆ ಅದು ಬೇಕಿತ್ತು. ಈಗ ಪಿಎ ಬೆಳೆದಿದೆ. ಆಂಪ್ ಮುಂದೆ ಒಂದು ಮೈಕ್ ಇಟ್ಟರೆ ಗಿಟಾರ್ ಇಡೀ ಮೈದಾನಕ್ಕೆ ಹೋಗುತ್ತದೆ. ಆದರೆ ಸಭಿಕರಿಗೆ ಕೇಳಿಸುವ ಹೊಣೆ ಆಂಪಿನದೇ ಅನ್ನುವ ಅಭ್ಯಾಸ ಮಾತ್ರ ನಮ್ಮಲ್ಲಿ ಉಳಿದುಬಿಟ್ಟಿದೆ.

1975ರಲ್ಲಿ ಮಾರ್ಷಲ್ ತನ್ನ 100 ವ್ಯಾಟಿನ 2203 ಹೆಡ್ಡಿಗೆ ಮಾಸ್ಟರ್ ವಾಲ್ಯೂಮ್ ಇಟ್ಟಿತು. ಗೇನ್ ಅಥವಾ ಪ್ರೀಆಂಪ್ ನಾಬ್ ಏರಿಸಿದರೆ ಪ್ರೀಆಂಪಿನಲ್ಲಿ ಡಿಸ್ಟಾರ್ಷನ್ ಹುಟ್ಟುತ್ತದೆ. ಹುಟ್ಟಿದ ಮೇಲೆ ಅದನ್ನು ಎಷ್ಟು ಮುಂದೆ ಕಳಿಸಬೇಕು ಅನ್ನುವುದು ಮಾಸ್ಟರ್ ಕೈಯಲ್ಲಿ. ಮನೆಯಲ್ಲಿ ಸಣ್ಣ ಸೌಂಡಿಗೆ ಹೆವಿ ಟೋನ್ ತೆಗೆಯುವುದಕ್ಕೆ ಇದೇ ಸುಲಭದ ದಾರಿ. ಪವರ್ ಟ್ಯೂಬಿನ ಆ ದಪ್ಪ ಮಾತ್ರ ಸಿಗುವುದಿಲ್ಲ, ಯಾಕೆಂದರೆ ಅವು ಬಹುಪಾಲು ಸುಮ್ನೆ ಕೂತಿರುತ್ತವೆ.

ಅದೂ ಬೇಕು ಅನ್ನುವವರಿಗೆ ಅಟೆನ್ಯುಯೇಟರ್ ಇದೆ. ಆಂಪಿಗೂ ಸ್ಪೀಕರಿಗೂ ನಡುವೆ ಕೂರುವ ಪೆಟ್ಟಿಗೆ ಅದು. ಆಂಪ್ ಪೂರ್ತಿ ದುಡಿಯುತ್ತದೆ, ಪೆಟ್ಟಿಗೆ ಆ ಶಕ್ತಿಯ ಬಹುಪಾಲನ್ನು ಬಿಸಿ ಮಾಡಿ ಕಳೆದು ಉಳಿದದ್ದನ್ನು ಸ್ಪೀಕರಿಗೆ ಕೊಡುತ್ತದೆ. ಬೋಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್, ಓದಿನಿಂದ ಎಂಜಿನಿಯರ್, ಪವರ್ ಸೋಕ್ ಅನ್ನುವ ಹೆಸರಿನಲ್ಲಿ ಇಂಥದ್ದನ್ನು ಮಾಡಿ ಮಾರಿದರು. ಕೇಳಲು ಚೆಂದ. ಆದರೆ ಮೇಲಿನ ಲೆಕ್ಕ ಇಲ್ಲಿಗೆ ಹಾಕಿ. 15 ವ್ಯಾಟಿನ ಆಂಪಿಗೆ 20 ಡೆಸಿಬೆಲ್ ಇಳಿಸಿದರೆ ಉಳಿಯುವುದು 0.15 ವ್ಯಾಟ್. ವಿಂಟೇಜ್ 30ರಲ್ಲಿ ಅದು ಇನ್ನೂ 92 ಡೆಸಿಬೆಲ್ ಹತ್ತಿರ! ಫ್ಲ್ಯಾಟಿಗೆ ಅದು ಜಾಸ್ತಿಯೇ. ಇನ್ನೂ ಇಳಿಸಿದರೆ ಸ್ಪೀಕರ್ ಕೋನ್ ಅಷ್ಟಾಗಿ ಅಲ್ಲಾಡುವುದಿಲ್ಲ, ಟೋನ್ ಮಂಕಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಅಪಾರ್ಟ್‌ಮೆಂಟಿನಲ್ಲಿ ಇರುವವರು 100 ವ್ಯಾಟಿನ ಹೆಡ್ಡು ಕೊಂಡು ಅದರ ಬಾಯಿ ಮುಚ್ಚಿಸಲು ಮತ್ತೆ ಅಟೆನ್ಯುಯೇಟರಿಗೆ ದುಡ್ಡು ಸುರಿಯುವುದು ದಂಡ. ಪಬ್ಬಿನ ಸ್ಟೇಜಿನಲ್ಲಿ 6 ಡೆಸಿಬೆಲ್ ಇಳಿಸಿ ಆಂಪನ್ನು ಹದಕ್ಕೆ ತರಲು ಅದು ಬಲು ಉಪಯೋಗಿ.

ಬಳಸುವುದೇ ಆದರೆ ಹುಷಾರಾಗಿರಬೇಕು. ಆಂಪ್ ಹಿಂದೆ 4, 8, 16 ಓಮ್ ಅಂತ ಬರೆದಿರುವ ಜ್ಯಾಕ್‌ಗಳಿರುತ್ತವೆ. ಅಟೆನ್ಯುಯೇಟರಿನ ಓಮ್ ಅದಕ್ಕೆ ಹೊಂದಬೇಕು. ಎರಡನ್ನೂ ಸ್ಪೀಕರ್ ಕೇಬಲ್‌ನಿಂದಲೇ ಜೋಡಿಸಬೇಕು. ಗಿಟಾರ್ ಕೇಬಲ್ ನೋಡಲು ಹಾಗೇ ಇರುತ್ತದೆ, ಅದೇ ಜ್ಯಾಕಿಗೆ ಹೋಗುತ್ತದೆ, ಆದರೆ ಒಳಗಿನ ತಂತಿ ತೆಳು, ಅಷ್ಟು ಕರೆಂಟ್ ತಡೆಯುವುದಿಲ್ಲ. ಇನ್ನೂ ಮುಖ್ಯವಾದದ್ದು: "ಸೌಂಡ್ ಬರದಿರಲಿ" ಅಂತ ಟ್ಯೂಬ್ ಆಂಪಿನ ಸ್ಪೀಕರ್ ಕಿತ್ತಿಟ್ಟು ನುಡಿಸಬೇಡಿ. ಲೋಡ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಕಡಿಮೆ ಖರ್ಚಿನ ಉಪಾಯವೂ ಒಂದಿದೆ. ಆಂಪ್ ಹಿಂದೆ ಎಫೆಕ್ಟ್ಸ್ ಲೂಪ್ (ಪ್ರೀಆಂಪಿಗೂ ಪವರ್ ಆಂಪಿಗೂ ನಡುವೆ ಪೆಡಲ್ ಸೇರಿಸುವ ಜ್ಯಾಕ್‌ಗಳು) ಇದ್ದರೆ ಅದರ ಸೆಂಡ್‌ಗೂ ರಿಟರ್ನ್‌ಗೂ ನಡುವೆ ಒಂದು ಈಕ್ಯೂ (ಬಾಸ್, ಮಿಡ್, ಟ್ರೆಬಲ್ ಹೊಂದಿಸುವ) ಪೆಡಲ್ ಅಥವಾ ವಾಲ್ಯೂಮ್ ಪೆಡಲ್ ಸೇರಿಸಿ ಲೆವೆಲ್ ತಗ್ಗಿಸಿ. ಮಾಸ್ಟರ್ 0.5ರಿಂದ 1ಕ್ಕೆ ಬಂದ ಕೂಡಲೇ ಸೌಂಡ್ ಸಿಡಿಯುವ ಆಂಪ್‌ಗಳಲ್ಲಿ ಇದು ವರವೇ ಸರಿ. ನಾಬನ್ನು 3, 4ರವರೆಗೆ ಆರಾಮವಾಗಿ ತಿರುಗಿಸಬಹುದು. ಟೋನ್ ಏನೂ ಮಾಯಾಜಾಲದಂತೆ ಬದಲಾಗುವುದಿಲ್ಲ, ಹಿಡಿತ ಮಾತ್ರ ಸಿಗುತ್ತದೆ.

ಇವೆಲ್ಲ ಬೇಡ ಅನ್ನುವವರಿಗೆ ಬಾಸ್ (Boss) ಕಂಪನಿಯ ಕಟಾನಾದಂಥ ಸಾಲಿಡ್ ಸ್ಟೇಟ್, ಅಂದರೆ ಟ್ಯೂಬ್ ಇಲ್ಲದ, ಆಂಪ್‌ಗಳಿವೆ. ಅದರ 50 ವ್ಯಾಟಿನ ಮಾದರಿಯಲ್ಲಿ ಒಂದು ಸ್ವಿಚ್ ತಿರುಗಿಸಿದರೆ ಅದು 0.5 ವ್ಯಾಟಿಗೆ ಇಳಿಯುತ್ತದೆ. ಯಮಹಾ ಟಿಎಚ್‌ಆರ್‌ನಂಥವು ಸಣ್ಣ ಸೌಂಡಿಗೆಂದೇ ಹುಟ್ಟಿದವು. ರಾತ್ರಿ ಹನ್ನೊಂದಕ್ಕೆ ಅಭ್ಯಾಸ ಮಾಡುವ ಚಟ ಇದ್ದರೆ ಹೆಡ್‌ಫೋನೇ ಸರಿ.

ರಾತ್ರಿ ಅಂದ ಮೇಲೆ ಕಾನೂನಿನ ಮಾತು. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಖಾಸಗಿ ಜಾಗದ ಸೌಂಡ್ ಸಿಸ್ಟಂ ಅಥವಾ ವಾದ್ಯದ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಜಾಸ್ತಿ ಇರಬಾರದು. ಗೋಡೆ ಸಾಕಷ್ಟು ತಡೆಯುತ್ತದೆ, ನಿಜ. ಆದರೆ ಅದು ತಡೆಯುವುದು ಮುಖ್ಯವಾಗಿ ಟ್ರೆಬಲ್ ಅನ್ನು. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್. ಆ ಮಟ್ಟದ ಬಾಸ್ ಗೋಡೆ, ನೆಲ ಎಲ್ಲ ಹೊಕ್ಕು ಹೋಗುತ್ತದೆ. ಪಕ್ಕದ ಮನೆಯವರಿಗೆ ನಿಮ್ಮ ಸೋಲೋ ಕೇಳುವುದಿಲ್ಲ, ಗುಮ್ ಗುಮ್ ಅನ್ನುವ ರಿದಮ್ಮಷ್ಟೇ ಕೇಳುತ್ತದೆ. ಅದೇ ಅವರ ನೆಮ್ಮದಿ ಕೆಡಿಸುವುದು. ಆಂಪನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲೋ ದಪ್ಪ ಫೋಮ್ ಮೇಲೋ ಇಡಿ. ಮೂಲೆಯಿಂದ ಈಚೆಗೆ ಎಳೆಯಿರಿ, ಮೂಲೆ ಬಾಸನ್ನು ಹಿಗ್ಗಿಸುತ್ತದೆ. ಬಾಸ್ ನಾಬ್ ಒಂದೆರಡು ಗೆರೆ ಇಳಿಸಿ. ಒಟ್ಟು ಸೌಂಡ್ ಅಷ್ಟೇ ಇದ್ದರೂ ಜಗಳ ಕಡಿಮೆಯಾಗುತ್ತದೆ.

ಬಾಸ್ ಇಳಿಸಿದರೆ ಟೋನ್ ಸಪ್ಪೆ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಕಾರಣ ನಮ್ಮ ಕಿವಿ. ಬೆಲ್ ಲ್ಯಾಬ್ಸ್‌ನ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸದ್ದು ಸಣ್ಣದಿದ್ದಾಗ ಕಿವಿಗೆ ಮಿಡ್ ಚೆನ್ನಾಗಿ ಕೇಳುತ್ತದೆ. ಬಾಸ್ ತುಂಬಾ ಕಡಿಮೆ ಕೇಳುತ್ತದೆ, ತೀರಾ ಮೇಲಿನ ಟ್ರೆಬಲ್ಲೂ ಅಷ್ಟಕ್ಕಷ್ಟೇ. ಸದ್ದು ಏರಿದಂತೆ ಬಾಸ್ ಮತ್ತು ಟ್ರೆಬಲ್ ತಾವೇ ಮುಂದೆ ಬರುತ್ತವೆ. ಹಾಗಾಗಿ ಬೆಡ್‌ರೂಮಿನಲ್ಲಿ ಟೋನ್ ಕೂರಿಸುವಾಗ ನಾವೆಲ್ಲ ಗೊತ್ತಿಲ್ಲದೆಯೇ ಬಾಸ್ 7, ಟ್ರೆಬಲ್ 7, ಮಿಡ್ 3 ಅಂತ ಇಡುತ್ತೇವೆ. ಒಬ್ಬರೇ ನುಡಿಸುವಾಗ ಅದು ಭರ್ಜರಿಯಾಗಿಯೇ ಕೇಳುತ್ತದೆ. ಅದೇ ಸೆಟ್ಟಿಂಗ್ ಸ್ಟೇಜಿಗೆ ಒಯ್ದರೆ ಬಾಸ್ ಹೋಗಿ ಬಾಸ್ ಗಿಟಾರಿಸ್ಟ್ ಜೊತೆ ಜಗಳಕ್ಕೆ ನಿಲ್ಲುತ್ತದೆ. ಟ್ರೆಬಲ್ ಸಿಂಬಲ್‌ಗಳ ಸದ್ದಿನಲ್ಲಿ ಬೆರೆತುಹೋಗುತ್ತದೆ. ಗಿಟಾರ್ ನಿಜವಾಗಿ ನಿಲ್ಲಬೇಕಾದ ಮಿಡ್ ಜಾಗ ಖಾಲಿ. "ನನ್ನ ಗಿಟಾರ್ ಕೇಳ್ತಿಲ್ಲ" ಅಂತ ವಾಲ್ಯೂಮ್ ಏರಿಸುತ್ತಾರೆ. ಏರಿಸಬೇಕಾಗಿದ್ದದ್ದು ಮಿಡ್ಡನ್ನು.

ಸ್ಟೇಜಿನ ಅರ್ಧಕ್ಕರ್ಧ ವಾಲ್ಯೂಮ್ ಜಗಳಗಳು ಈಕ್ಯೂ ಜಗಳಗಳು ಅಂತಲೇ ನನ್ನ ಅನಿಸಿಕೆ. ಮಿಡ್ 3ರಿಂದ 6ಕ್ಕೆ, ಬಾಸ್ 7ರಿಂದ 4ಕ್ಕೆ ತಂದು ನೋಡಿ. ಗೇನ್ ಕೂಡ ಸ್ವಲ್ಪ ಇಳಿಸಿ. ಜಾಸ್ತಿ ಗೇನ್ ಇದ್ದರೆ ಪ್ರತಿ ಸ್ವರದ ಮೊದಲ ಏಟು ಚಪ್ಪಟೆಯಾಗುತ್ತದೆ, ಬ್ಯಾಂಡಿನ ನಡುವೆ ಗಿಟಾರ್ ಹಿಂದೆ ಸರಿದಂತೆ ಕೇಳುತ್ತದೆ.

ಚಿಕ್ಕ ಪಬ್ ಒಂದನ್ನು ತಗೊಳ್ಳಿ. ನೂರು ಜನ ಹಿಡಿಸುವ ಜಾಗ, ಮೂಲೆಯಲ್ಲಿ ಒಂದಡಿ ಎತ್ತರದ ಸ್ಟೇಜು. ಇಲ್ಲಿ ಸೌಂಡ್ ನಿರ್ಧಾರ ಮಾಡುವುದು ಇಬ್ಬರು. ಒಬ್ಬರು ಡ್ರಮ್ಮರ್. ಡ್ರಮ್ ಕಿಟ್ಟಿಗೆ ವಾಲ್ಯೂಮ್ ನಾಬ್ ಇಲ್ಲ. ಮೈಕ್ ಇಲ್ಲದೆಯೂ ಅದು ಹತ್ತಿರದಲ್ಲಿ 100 ಡೆಸಿಬೆಲ್ ದಾಟಬಲ್ಲದು. ಇನ್ನೊಬ್ಬರು ಹಾಡುವವರು. ಅವರ ಮೈಕಿಗೆ ದನಿ ಮಾತ್ರ ಹೋಗುವುದಿಲ್ಲ, ಹಿಂದಿನಿಂದ ಬರುವ ಗಿಟಾರೂ ಹೋಗುತ್ತದೆ. ಗಿಟಾರ್ ಜೋರಾದರೆ ದನಿ ಕೇಳುವುದಿಲ್ಲ, ಸೌಂಡ್ ಎಂಜಿನಿಯರ್ ಮೈಕ್ ಏರಿಸುತ್ತಾರೆ, ಜೊತೆಗೆ ಗಿಟಾರೂ ಏರುತ್ತದೆ, ಕೊನೆಗೆ ಕೂಂಯ್ ಅಂತ ಫೀಡ್‌ಬ್ಯಾಕ್. ಆಮೇಲೆ ಅವರು ಮಿಕ್ಸರಿನಲ್ಲಿ ಗಿಟಾರಿನ ಚಾನೆಲ್ಲನ್ನೇ ಮುಚ್ಚುತ್ತಾರೆ. ಆಗ ಆಂಪಿನ ನೇರಕ್ಕೆ ಕೂತವರಿಗೆ ಕಿವಿ ಹರಿಯುವಷ್ಟು ಗಿಟಾರು, ಬದಿಯಲ್ಲಿ ಕೂತವರಿಗೆ ಏನೂ ಇಲ್ಲ.

ಯಾಕೆ ಹೀಗೆ ಅಂದರೆ, 12 ಇಂಚಿನ ಸ್ಪೀಕರಿನ ಟ್ರೆಬಲ್ ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ. ಬಾಸ್ ಎಲ್ಲ ಕಡೆ ಹರಡುತ್ತದೆ. ಆಂಪ್ ನೆಲದ ಮೇಲಿದ್ದು ನೀವು ಅದರ ಮುಂದೆಯೇ ನಿಂತಿದ್ದರೆ ಆ ಟ್ರೆಬಲ್ ನಿಮ್ಮ ಮೊಣಕಾಲಿಗೆ ಬಡಿದು ಸಭಿಕರ ಮುಖಕ್ಕೆ ಹೋಗುತ್ತದೆ. ನಿಮಗೆ ಮಂಕು, ಅವರಿಗೆ ಕರ್ಕಶ. ನೀವು ಟ್ರೆಬಲ್ ಏರಿಸುತ್ತೀರಿ, ವಾಲ್ಯೂಮ್ ಏರಿಸುತ್ತೀರಿ, ಅವರು ಬಿಲ್ ಕೇಳುತ್ತಾರೆ. ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ: ಆಂಪನ್ನು ಹಿಂದಕ್ಕೆ ವಾಲಿಸಿ, ಸ್ಪೀಕರ್ ನಿಮ್ಮ ಕಿವಿಯ ಕಡೆ ನೋಡಲಿ. ಹಳೆಯ ಫೆಂಡರ್ ಟ್ವಿನ್ ಆಂಪ್‌ಗಳ ಬದಿಯಲ್ಲಿ ಇದಕ್ಕೆಂದೇ ಮಡಚುವ ಕಾಲುಗಳಿವೆ. ಕಾಲಿಲ್ಲದಿದ್ದರೆ ಸ್ಟ್ಯಾಂಡೋ ಗಟ್ಟಿಯಾದ ಖಾಲಿ ಕ್ರೇಟೋ ಸಾಕು. ಇನ್ನೂ ಒಳ್ಳೆಯದು, ಆಂಪನ್ನು ಸ್ಟೇಜಿನ ಪಕ್ಕದಲ್ಲಿಟ್ಟು ಅಡ್ಡಕ್ಕೆ, ನಿಮ್ಮ ಕಡೆಗೆ ತಿರುಗಿಸುವುದು. ಆಗ ಮೊದಲು ಕಿವಿ ನೋಯುವುದು ನಿಮಗೇ, ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಸಭಿಕರಿಗೆ ಕೇಳಿಸಲು ಶೂರ್ ಎಸ್‌ಎಂ57 ಥರದ ಒಂದು ಮೈಕನ್ನು ಸ್ಪೀಕರ್ ಬಟ್ಟೆಗೆ ತಾಗುವಷ್ಟು ಹತ್ತಿರ ಇಟ್ಟರೆ ಮುಗಿಯಿತು.

ಸೋಲೋ ಬಂದಾಗ ಏನು ಮಾಡಬೇಕು? ಇಲ್ಲೂ "ಎಲ್ಲಿ" ಅನ್ನುವುದೇ ಮುಖ್ಯ. ಆಂಪ್ ಆಗಲೇ ಒಡೆದ ಟೋನಿನಲ್ಲಿದ್ದರೆ ಅದರ ಮುಂದೆ ಬೂಸ್ಟ್ ಪೆಡಲ್ ಒತ್ತಿದರೂ ಸೌಂಡ್ ಏರುವುದಿಲ್ಲ, ಡಿಸ್ಟಾರ್ಷನ್ ಮಾತ್ರ ಜಾಸ್ತಿಯಾಗುತ್ತದೆ. ಪ್ರೀಆಂಪ್ ಆಗಲೇ ತುಂಬಿದೆ. ಅದೇ ಬೂಸ್ಟನ್ನು ಎಫೆಕ್ಟ್ಸ್ ಲೂಪಿನಲ್ಲಿ, ಡಿಸ್ಟಾರ್ಷನ್ ಹುಟ್ಟಿದ ಮೇಲಿನ ಜಾಗದಲ್ಲಿ ಇಟ್ಟು 4ರಿಂದ 6 ಡೆಸಿಬೆಲ್ ಏರಿಸಿದರೆ ಸೋಲೋ ಎದ್ದು ಕೇಳುತ್ತದೆ. ಆದರೆ ಪವರ್ ಆಂಪಿನಲ್ಲಿ ಅಷ್ಟು ಜಾಗ ಉಳಿದಿರಬೇಕು. 15 ವ್ಯಾಟಿನ ಆಂಪನ್ನು ಆಗಲೇ ತುದಿಗೆ ತಂದಿಟ್ಟಿದ್ದರೆ ಏರುವುದಕ್ಕೆ ಏನೂ ಉಳಿದಿರುವುದಿಲ್ಲ. ಸ್ಟೇಜಿಗೆ ಜಾಸ್ತಿ ವ್ಯಾಟ್ ಬೇಕಾಗುವುದು ಮುಖ್ಯವಾಗಿ ಈ ಜಾಗಕ್ಕೆ, ಕ್ಲೀನ್ ಟೋನ್ ಒಡೆಯದೆ ಇರುವುದಕ್ಕೆ.

ಪೆಡಲ್ಲೇ ಬೇಡ ಅಂದರೆ ಗಿಟಾರಿನ ಮೇಲೇ ಒಂದು ವಾಲ್ಯೂಮ್ ನಾಬ್ ಇದೆಯಲ್ಲ! ರಿದಮ್ಮಿಗೆ 6 ಅಥವಾ 7, ಸೋಲೋಗೆ 10. ಹದವಾಗಿ ಒಡೆದ ಟ್ಯೂಬ್ ಆಂಪಿನಲ್ಲಿ ಇದರಿಂದ ಸೌಂಡು, ಡಿಸ್ಟಾರ್ಷನ್ ಎರಡೂ ಒಟ್ಟಿಗೆ ಏರಿಳಿಯುತ್ತವೆ. ನಾಬ್ ಇಳಿಸಿದಾಗ ಟ್ರೆಬಲ್ ಹೋಗುತ್ತದೆ ಅನ್ನುವುದು ಎಲ್ಲರ ದೂರು. ಟ್ರೆಬಲ್ ಬ್ಲೀಡ್ ಅಂತ ಒಂದು ಸಣ್ಣ ಕೆಪಾಸಿಟರನ್ನು ಆ ನಾಬಿನ ಕೆಳಗಿರುವ ಪಾಟಿಗೆ ಬೆಸೆದರೆ ಅದು ಸರಿಹೋಗುತ್ತದೆ.

ಸೌಂಡ್ ಚೆಕ್ ಮಾಡುವುದು ಸಾಮಾನ್ಯವಾಗಿ ಖಾಲಿ ಹಾಲ್‌ನಲ್ಲಿ. ಜನ ತುಂಬಿದ ಮೇಲೆ ಟ್ರೆಬಲ್ ಒಂದಿಷ್ಟು ಮೈ, ಬಟ್ಟೆಗಳಲ್ಲಿ ಹೀರಿಹೋಗುತ್ತದೆ. ಹಾಗಂತ ಎರಡನೇ ಹಾಡಿಗೇ ನಾಬಿಗೆ ಕೈ ಹಾಕಬೇಡಿ, ಎಂಜಿನಿಯರ್ ಅದನ್ನು ಸರಿ ಮಾಡಿರುತ್ತಾರೆ. ನೀವು ಏರಿಸಿದರೆ ಅವರು ಇಳಿಸುತ್ತಾರೆ, ಆಟ ಶುರು.

ಕಿವಿಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. ಕೆಲಸದ ಜಾಗದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗ ಹೊತ್ತು ಅರ್ಧವಾಗುತ್ತದೆ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಜಾಮ್ ರೂಮಿನಲ್ಲಿ ಎರಡು ತಾಸು ಅಂದರೆ ಈ ಲೆಕ್ಕ ಎಲ್ಲಿಗೆ ಹೋಯಿತು ನೋಡಿ. ಸಂಗೀತಗಾರರಿಗೆಂದೇ ಮಾಡಿದ ಇಯರ್ ಪ್ಲಗ್‌ಗಳು ಎಲ್ಲ ಮಟ್ಟದ ಸ್ವರಗಳನ್ನು ಹೆಚ್ಚುಕಡಿಮೆ ಸಮವಾಗಿ ಇಳಿಸುತ್ತವೆ, ಟೋನ್ ಕೆಡುವುದಿಲ್ಲ. ಹತ್ತಿ ತುರುಕಿಕೊಂಡರೆ ಟ್ರೆಬಲ್ ಮಾತ್ರ ಹೋಗುತ್ತದೆ, ಅದಕ್ಕೆ ಮತ್ತೆ ಆಂಪ್ ಏರಿಸುತ್ತೀರಿ.

ಈಗ ಎಷ್ಟೋ ಸ್ಟೇಜ್‌ಗಳಲ್ಲಿ ಆಂಪೇ ಇರುವುದಿಲ್ಲ. ಆಂಪಿನ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲರ್‌ನಿಂದ ನೇರ ಮಿಕ್ಸರಿಗೆ, ಕಿವಿಯಲ್ಲಿ ಇನ್-ಇಯರ್ ಮಾನಿಟರ್. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನವನ್ನು ನಡುಗಿಸಿದ ಮೆಟಾಲಿಕಾ, 2013ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದ ಕಾರ್ಲಿನಿ ನೆಲೆಯಲ್ಲಿ ನುಡಿಸಿದಾಗ ಕೇಳುಗರಿಗೆ ಸಂಗೀತ ತಲುಪಿದ್ದು ಬರೀ ಹೆಡ್‌ಫೋನ್ ಮೂಲಕ. ಇಂಥ ವ್ಯವಸ್ಥೆಯಲ್ಲಿ ಬೆನ್ನಿಗೆ ತಟ್ಟುವ ಆ ಗಾಳಿ ಇರುವುದಿಲ್ಲ ಅನ್ನುವ ಕೊರಗು ಹಲವರಿಗೆ. ನನಗೂ ಇದೆ. ಆದರೆ ಎಂಜಿನಿಯರಿಗೆ ಹಬ್ಬ.

ಮಾಡೆಲರ್ ತಂದ ಕೂಡಲೇ ವಾಲ್ಯೂಮ್ ಚಿಂತೆ ಮುಗಿಯಿತು ಅಂತಲ್ಲ. ಅದರಲ್ಲೂ ಗೇನ್ ಬೇರೆ, ಪ್ಯಾಚ್ (ಉಳಿಸಿಟ್ಟ ಟೋನ್ ಸೆಟ್ಟಿಂಗ್) ಲೆವೆಲ್ ಬೇರೆ, ಪೆಟ್ಟಿಗೆಯ ಮೇಲಿನ ಔಟ್‌ಪುಟ್ ನಾಬ್ ಬೇರೆ. ಕ್ಲೀನ್, ಕ್ರಂಚ್, ಲೀಡ್ ಪ್ಯಾಚ್‌ಗಳನ್ನು ಹೆಡ್‌ಫೋನಿನಲ್ಲಿ ಸಮ ಮಾಡಿಕೊಂಡು ಹೋದರೆ ಸ್ಟೇಜಿನಲ್ಲಿ ಕ್ಲೀನ್ ಸಿಡಿಯುತ್ತದೆ, ಲೀಡ್ ಮುಳುಗುತ್ತದೆ. ಕಾರಣ ಮತ್ತೆ ಆ ಫ್ಲೆಚರ್ ಮತ್ತು ಮನ್ಸನ್ ಕಥೆಯೇ. ಶೋಗೆ ಮುಂಚೆ ಒಮ್ಮೆ ಜಾಮ್ ರೂಮಿನ ಪಿಎಗೆ ಹಾಕಿ, ಡ್ರಮ್ ಜೊತೆ ನುಡಿಸುತ್ತಾ ಪ್ಯಾಚ್ ಲೆವೆಲ್‌ಗಳನ್ನು ಹೊಂದಿಸಿ. ಅವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮನೆಯ ಪ್ಯಾಚ್‌ಗಳು ಹಾಗೇ ಇರಲಿ. ಔಟ್‌ಪುಟ್ ನಾಬನ್ನು ಸೌಂಡ್ ಚೆಕ್ಕಿನಲ್ಲಿ ಒಂದು ಜಾಗಕ್ಕೆ ಇಟ್ಟ ಮೇಲೆ ಅದರ ಮೇಲೊಂದು ಟೇಪ್ ಅಂಟಿಸಿಬಿಡಿ.